ಎಡಗಡೆಯ ಸೊನ್ನೆ

ಹುಡುಗಿ ಕಿವಿಯಿಂದ ಶ್ರವಣಯಂತ್ರವನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದಳು. "ಇದು ನಂದಲ್ಲ."

"ನೋಡಿದ್ರಾ ಮೇಡಂ?" ಎಂದ ಅವಳ ಅಪ್ಪ. ಬಡಗಿ, ಕೆಲಸ ಅರ್ಧಕ್ಕೆ ಬಿಟ್ಟು ಆಸ್ಪತ್ರೆಗೆ ಬಂದಿದ್ದ. ಮುಂಗೈ ಕೂದಲಿಗೆ ಮರದ ಹೊಟ್ಟು ಇನ್ನೂ ಅಂಟಿಕೊಂಡಿತ್ತು. "ಎರಡು ತಿಂಗಳಿಂದ ಇದೇ ರಾಗ. ಒಂದು ವರ್ಷ ಹಾಕ್ಕೊಂಡು ಓಡಾಡಿದ ಯಂತ್ರ, ಈಗ ಇದ್ದಕ್ಕಿದ್ದ ಹಾಗೆ ಇವಳದ್ದಲ್ವಂತೆ. ಮನೆ ಕೆಳಗೇ ನನ್ನ ಗರಗಸ ಇರೋದು. ಅದು ಶುರುವಾದ್ರೆ ಸಾಕು, ಸೂರು ಹಾರಿಹೋಗೋ ಹಾಗೆ ಕಿರುಚ್ತಾಳೆ. ಹಟ, ಬರೀ ಹಟ. ಶಾಲೆ ತಪ್ಪಿಸೋಕೆ ಒಂದು ನೆಪ."

ಮೇಜಿನ ಈಚೆ ಕೂತಿದ್ದ ಇಂಜಿನಿಯರಮ್ಮ ಯಂತ್ರವನ್ನು ಎತ್ತಿಕೊಂಡಳು. ಯಂತ್ರದ ಹೊಟ್ಟೆಯೊಳಗೆ ಓಡುವ ತಂತ್ರಾಂಶ ಬರೆಯುವುದು ಅವಳ ಕೆಲಸ. ಆಸ್ಪತ್ರೆಯವರು ಎರಡು ಸಲ ಪರೀಕ್ಷೆ ಮಾಡಿ, ಯಂತ್ರ ಸರಿಯಾಗಿಯೇ ಇದೆ ಎಂದು ಕೈಚೆಲ್ಲಿದ್ದರಿಂದ ಕಂಪನಿ ಅವಳನ್ನು ಕಳಿಸಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ, ತನ್ನ ಯಂತ್ರ ಹಾಕಿಕೊಳ್ಳುವ ಒಂದು ಕಿವಿಯ ಎದುರು ಅವಳು ಕೂತದ್ದು ಇದೇ ಮೊದಲು.

ಯಂತ್ರವನ್ನು ತಂತಿಗೆ ಸಿಕ್ಕಿಸಿದಳು. ನೀನು ಯಾರೆಂದು ಕಂಪ್ಯೂಟರ್ ಕೇಳಿತು, ಯಂತ್ರ ತನ್ನ ಗುರುತಿನ ಸಂಖ್ಯೆ ಹೇಳಿತು, ಆ ಸಂಖ್ಯೆಯ ಹೆಸರಿನಲ್ಲಿದ್ದ ಕಡತ ತೆರೆದುಕೊಂಡಿತು. ಎಷ್ಟು ಜೋರು, ಎಷ್ಟು ಮೆಲ್ಲಗೆ ಎಂಬ ಲೆಕ್ಕವೆಲ್ಲ ಅದರಲ್ಲಿತ್ತು. ಇನ್ನು ಯಂತ್ರದ ಕವಚದ ಮೇಲೆ ಅಚ್ಚಾಗಿದ್ದ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಸಾಸಿವೆಗಿಂತ ಸಣ್ಣ ಅಕ್ಷರ. ಕನ್ನಡಕ ಮೇಲೆ ಕೆಳಗೆ ಮಾಡಿದರೂ ಅವಳಿಗೆ ದಕ್ಕಲಿಲ್ಲ.

"ಕೊಡಿ, ನಾನು ಓದ್ತೀನಿ" ಎಂದು ಹುಡುಗಿ ಎಳೆದುಕೊಂಡಳು. ಒಂದೊಂದೇ ಅಕ್ಷರ ಓದುತ್ತ ಹೋದಳು, ಇಂಜಿನಿಯರಮ್ಮನ ಬೆರಳು ಪರದೆಯ ಮೇಲೆ ಹಿಂಬಾಲಿಸಿತು. ಕೊನೆಯಲ್ಲಿ ಹುಡುಗಿ, "ಸೊನ್ನೆ, ಒಂದು, ಒಂದು, ಎರಡು" ಎಂದಳು. ಬೆರಳು ನಿಂತಿತು. ಪರದೆಯ ಮೇಲೆ ಇದ್ದದ್ದು ಒಂದು, ಒಂದು, ಎರಡು.

"ಇಲ್ಲಿ ಹದಿನಾರು ಇದೆ, ಅಲ್ಲಿ ಹದಿನೈದೇ" ಎಂದಳು ಹುಡುಗಿ, ಎಣಿಸಿ ನೋಡಿ. "ನಿಮ್ಮ ಕಂಪ್ಯೂಟರ್ ಸೊನ್ನೆ ನುಂಗಿದೆ."

ಇಂಜಿನಿಯರಮ್ಮ ಪರದೆಯ ಮೇಲಿನದನ್ನು ಇನ್ನೊಮ್ಮೆ ಎಣಿಸಿದಳು. ನುಂಗಿದ್ದು ಕಂಪ್ಯೂಟರಲ್ಲ. ಯಂತ್ರದೊಳಗೆ ಆ ಗುರುತು ಎಂಟು ತುಂಡುಗಳಾಗಿ ಕೂತಿರುತ್ತದೆ. ಅದನ್ನು ಅಕ್ಷರಗಳಾಗಿ ಬರೆಯುವಾಗ ತುಂಡೊಂದಕ್ಕೆ ಎರಡು ಸ್ಥಾನ. ತುಂಡು ಚಿಕ್ಕದಾದರೆ ಎಡಗಡೆ ಸೊನ್ನೆ ಇಟ್ಟು ಭರ್ತಿ ಮಾಡಬೇಕು. ಎರಡು ತಿಂಗಳ ಹಿಂದೆ ಎಲ್ಲ ಯಂತ್ರಗಳಿಗೂ ಹೋದ ಹೊಸ ತಂತ್ರಾಂಶದಲ್ಲಿ ಆ ಸಾಲು ಅವಳದೇ. ಅದನ್ನು ತುಂಬುವಾಗ ಪ್ರತಿ ಯಂತ್ರದ ಲೆಕ್ಕವನ್ನೂ ಈ ಗುರುತಿನ ಹೆಸರಿನಲ್ಲೇ ಹೊರಗೆ ತೆಗೆದಿಟ್ಟು ಮತ್ತೆ ಒಳಗೆ ಹಾಕಲಾಗಿತ್ತು. "ಸೊನ್ನೆ ಬೇಡವಾ ಮೇಡಂ?" ಎಂದು ಕಿರಿಯ ಸಹೋದ್ಯೋಗಿ ಕೇಳಿಯೂ ಇದ್ದಳು. "ಎಡಗಡೆ ಸೊನ್ನೆಗೆ ಬೆಲೆ ಇಲ್ಲ ಅಂತ ಒಂದನೇ ಕ್ಲಾಸಲ್ಲಿ ಹೇಳಿಕೊಡಲಿಲ್ವೇನಮ್ಮ?" ಎಂದು ಇವಳು ನಕ್ಕು ಮುಂದಿನ ಪುಟಕ್ಕೆ ಹೋಗಿದ್ದಳು.

ಒಂದು ಹಾಳೆ ತೆಗೆದು ಬಡಗಿಯ ಮುಂದಿಟ್ಟು ಬರೆದಳು. 01, ಅದರ ಪಕ್ಕ 12; ಸೊನ್ನೆ ಬಿಟ್ಟರೆ 112. ಕೆಳಗಡೆ 11, ಅದರ ಪಕ್ಕ 02. ಸೊನ್ನೆ ಬಿಟ್ಟರೆ ಅದೂ 112.

ಬಡಗಿ ಎರಡು ಸಾಲಿನ ಮೇಲೂ ಬೆರಳಾಡಿಸಿದ. "ಎರಡು ಮನೆ ಬಾಗಿಲಿಗೆ ಒಂದೇ ಅಳತೆ ಚೀಟಿ ಅಂಟಿಸಿದ ಹಾಗೆ."

"ಹಾಗೇ. ಒಂದು ಸಣ್ಣ ತಾಂತ್ರಿಕ ದೋಷ..." ಎಂದು ಶುರುಮಾಡಿದಳು. ಇಂಥ ಹೊತ್ತಿಗೆಂದೇ ಕಂಪನಿಯವರು ಕಲಿಸಿದ ಮಾತು ಅದು. ಯಂತ್ರ ಹಾಕಿಕೊಂಡಿರದ ಹುಡುಗಿ ಕಣ್ಣು ಮಿಟುಕಿಸದೆ ಅವಳ ತುಟಿಗಳನ್ನೇ ನೋಡುತ್ತಿದ್ದಳು.

"ತಪ್ಪು ನನ್ನದು" ಎಂದಳು, ಹುಡುಗಿಗೆ ಕಾಣುವ ಹಾಗೆ, ನಿಧಾನವಾಗಿ. "ಬೇರೆ ಯಾರದೋ ಕಿವಿಗೆ ಮಾಡಿದ ಲೆಕ್ಕ ನಿನ್ನ ಯಂತ್ರಕ್ಕೆ ಬಂದುಬಿಟ್ಟಿದೆ. ಪೂರ್ತಿ ಕಿವುಡಾದವರಿಗೆ ಇಡುವಷ್ಟು ಜೋರು. ನೀನು ಹೇಳಿದ್ದು ನಿಜ."

ಬಡಗಿ ಮುಂಗೈ ಮೇಲಿನ ಹೊಟ್ಟನ್ನು ಒರೆಸಿಕೊಳ್ಳತೊಡಗಿದ. ಹೊಟ್ಟು ಹೋದ ಮೇಲೂ ಒರೆಸುತ್ತಲೇ ಇದ್ದ. "ಹೋದ ವಾರ ಇದಕ್ಕೇ ಇವಳಿಗೆ ಹೊಡೆದೆ" ಎಂದ, ಮೇಜಿಗೆ ಹೇಳುವವನಂತೆ.

ಅವಳು ಹುಡುಗಿಯ ಹಳೆಯ ಕಿವಿ ಪರೀಕ್ಷೆಯ ಹಾಳೆ ತರಿಸಿ, ಲೆಕ್ಕವನ್ನು ಕೈಯಾರೆ ತುಂಬಿದಳು. ಹುಡುಗಿ ಅನುಮಾನದಿಂದಲೇ ಯಂತ್ರ ಹಾಕಿಕೊಂಡು ತಲೆ ಎತ್ತಿದಳು. "ಫ್ಯಾನ್ ದೂರ ಹೋಯ್ತು" ಎಂದಳು. ಅಪ್ಪ ಹೆಸರು ಹಿಡಿದು ಮೆಲ್ಲಗೆ ಕರೆದ. ತಿರುಗಿದಳು, ಆದರೆ ಅವನ ಕಡೆ ಸರಿಯಲಿಲ್ಲ.

ಆಮೇಲೆ ಇಂಜಿನಿಯರಮ್ಮನನ್ನು ಕೇಳಿದಳು: "ಹಾಗಾದ್ರೆ ನನ್ನ ಶಬ್ದ ಯಾರ ಕಿವೀಲಿದೆ?"

ದೂರು ಬಂದದ್ದು ಒಂದೇ ಮನೆಯಿಂದ. ಇನ್ನೊಂದು ಮನೆ ಇರಲೇಬೇಕೆಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಆ ಇನ್ನೊಂದು ಯಂತ್ರವನ್ನು ಹುಡುಕಿದಳು. ಎಪ್ಪತ್ತೆಂಟು ವರ್ಷದ ಹೆಂಗಸು, ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ಅಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದಳು. ಎತ್ತಿದ್ದು ಸೊಸೆ.

"ನಿಮ್ಮ ಅತ್ತೆಯವರ ಯಂತ್ರದಿಂದ ಏನಾದ್ರೂ ತೊಂದರೆ ಆಗ್ತಿದೆಯಾ?"

"ಅಯ್ಯೋ, ತೊಂದರೆ ಎಂಥದು ಮೇಡಂ" ಎಂದಳು ಆಕೆ, ಸಂತೋಷದಿಂದ. "ಮೊದಲು ಎಲ್ಲದಕ್ಕೂ ಬಾಯಿ ಹಾಕೋರು. ಈಗ ಎರಡು ತಿಂಗಳಿಂದ ಎಷ್ಟು ಸಾಧು ಆಗಿದ್ದಾರೆ ಗೊತ್ತಾ? ನಾವು ಏನು ಹೇಳಿದ್ರೂ ನಕ್ಕು ತಲೆ ಆಡಿಸ್ತಾರೆ."