ಮೈಕು ಹಿಡಿದವರ ಕೋರ್ಟು

ಯಾರು ಮೊದಲು ಮೈಕು ಹಿಡಿಯುತ್ತಾರೋ ಅವರ ಮಾತನ್ನೇ ಆ ಕೋರ್ಟು ಸತ್ಯವೆಂದು ಬರೆದುಕೊಳ್ಳುತ್ತಿತ್ತು. ಹಾಗಾಗಿ ಅದರ ಬಾಗಿಲಲ್ಲಿ ದಿನವೂ ತಲೆಗಳು ಒಡೆಯುತ್ತಿದ್ದವು; ಜವಾನ ಫಿನಾಯಿಲ್ ಹಾಕಿ ನೆಲ ತೊಳೆಯುತ್ತಿದ್ದ. ಕಲಾಪ ಶುರುವಾಗುವ ಗಂಟೆ ಹೊಡೆಯುವುದಕ್ಕೆ ಮುಂಚೆ ಯಾರ ಮೇಲಾದರೂ ಕೈಮಾಡಿದರೆ ಮಾತ್ರ ಜೈಲು.

ಕಲ್ಲವ್ವನ ಗಂಡನನ್ನು ಗುತ್ತಿಗೆದಾರ ಪರಗೊಂಡ ಕಲ್ಲಿನ ಕ್ವಾರಿಯೊಳಗೆ ತಳ್ಳಿ ಕೊಂದಿದ್ದ. ಕಳೆದ ವಾಯಿದೆಯಲ್ಲಿ ಅವಳ ವಕೀಲರ ಕೈ ಮುರಿದಿದ್ದರಿಂದ ಇವತ್ತು ಅವಳೇ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಪರಗೊಂಡ ಕಳಿಸಿದ ಪೈಲ್ವಾನ ಸಿದ್ರಾಮ.

“ಹಿಂದ ಸರೀರಿ ಅಕ್ಕಾರ, ಸುಮ್ನ ಪೆಟ್ಟಾದೀತು,” ಎಂದ ಅವನು ಮೆಲ್ಲಗೆ.

ಕಲ್ಲವ್ವ ಸೆರಗಿನೊಳಗಿಂದ ಕಲ್ಲು ತೆಗೆದು ಅವನ ಬಾಯಿಗೆ ಅಪ್ಪಳಿಸಿದಳು. ದವಡೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಅವನು ಕುಸಿದು ಬಿದ್ದ ಮೇಲೂ ಇನ್ನೊಂದು ಏಟು ಹಾಕಿದಳು. ಆಗ ಗಂಟೆ ಹೊಡೆಯಿತು. ಓಡಿಹೋಗಿ ಮೈಕು ಹಿಡಿದಳು.

“ನನ್ನ ಗಂಡನ್ನ ಪರಗೊಂಡನಽ ದೂಕಿ ಕೊಂದಾನ್ರಿ!”

ನ್ಯಾಯಾಧೀಶರು ಬರೆದುಕೊಂಡರು. ನಂತರ ಬಾಗಿಲ ಕಡೆ ನೋಡಿ ಕೇಳಿದರು: “ಗಂಟೆಗಿಂತ ಮೊದಲು ಕೈಮಾಡಿದವರು ಯಾರು?”

ಸಿದ್ರಾಮ ಬಿದ್ದಲ್ಲಿಂದಲೇ ಕೈಯೆತ್ತಿ ಹೇಳಲು ಹೆಣಗಿದ. ಬಾಯಿಂದ ರಕ್ತವಷ್ಟೇ ಬಂತು. ಕಲ್ಲವ್ವ ಅವನ ಕಣ್ಣನ್ನೇ ಒಂದು ಕ್ಷಣ ನೋಡಿದಳು.

“ಅವನಽ ರೀ,” ಎಂದಳು ಮೈಕಿನಲ್ಲಿ.

ನ್ಯಾಯಾಧೀಶರು ಅದನ್ನೂ ಬರೆದುಕೊಂಡರು.