ಹಗ್ಗದವನ ಹೆಂಡತಿಯ ಜಡೆ

"ಜಡೆ ನೀವೇ ಹಾಕ್ಕೋತೀರಾ ಅಮ್ಮಾ?" ಎಕ್ಸ್‌ರೇಯಿಂದ ಕಣ್ಣು ತೆಗೆಯದೆ ಡಾಕ್ಟರ್ ಕೇಳಿದರು. ಅವಳ ಬಲ ಭುಜಕ್ಕೆ ಕೃತಕ ಕೀಲು ಕೂರಿಸಿ ಹತ್ತು ವರ್ಷ; ಪ್ರತಿ ವರ್ಷದ ತಪಾಸಣೆಯಲ್ಲೂ ಇದೇ ಪ್ರಶ್ನೆ. ಪ್ರತಿ ಸಲವೂ ಪಕ್ಕದ ಕುರ್ಚಿಯಿಂದ ಗಂಡ ಬಾಯಿ ಹಾಕುತ್ತಿದ್ದ: "ಎಲ್ಲಿ ಸಾರ್, ಕೈ ಅಷ್ಟು ಮೇಲೆ ಏಳಲ್ಲ. ನಾನೇ ಹಾಕ್ಬೇಕು." ಹಗ್ಗ ಹೊಸೆಯುವವನು ಹೆಣೆದ ಜಡೆ, ಸಂಜೆಯಾದರೂ ಒಂದೆಳೆ ಸಡಿಲವಾಗುತ್ತಿರಲಿಲ್ಲ.

ಗಂಡ ತೀರಿಕೊಂಡು ಆರೇಳು ತಿಂಗಳಾಗಿತ್ತು. ಈ ಸಲ ಆ ಕುರ್ಚಿಯಲ್ಲಿ ಅವಳ ಕೈಚೀಲ ಕೂತಿತ್ತು.

ಅವಳು ಎರಡೂ ಕೈ ಹಿಂದಲೆಗೆ ಒಯ್ದು, ತುರುಬು ಬಿಚ್ಚಿ, ಕೂದಲನ್ನು ಮೂರು ಪಾಲು ಮಾಡಿ ಸರಸರನೆ ಹೆಣೆಯತೊಡಗಿದಳು. ಡಾಕ್ಟರ್ ಬೆರಗಾದರು.

"ಭೇಷ್! ಯಾವಾಗಿಂದ ಕೈ ಹೀಗೆ ಏಳುತ್ತೆ?"

"ಮೊದಲನೇ ವರ್ಷದಿಂದ್ಲೂ."

"ಹೇಳಬಾರದಿತ್ತಾ? ಇಷ್ಟು ವರ್ಷ ಪಾಪ ಈ ಕೀಲನ್ನ ಬೈಕೊಂಡೆ. ಯಜಮಾನ್ರಿಗೂ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು? ಬಟ್ಟೆ ಒಣಹಾಕೋ ಹಗ್ಗ ಅಷ್ಟೆತ್ತರಕ್ಕೆ ಕಟ್ಟಿದ್ದು ಅವರೇ. ದಿನಾ ಒಣಹಾಕ್ತಿದ್ದವಳು ನಾನೇ."

ಅವಳ ಬೆರಳು ನಿಂತವು. ಅರ್ಧ ಹೆಣೆದ ಜಡೆ ಬೆನ್ನ ಮೇಲೆ ತಾನಾಗಿಯೇ ಬಿಚ್ಚಿಕೊಂಡಿತು.