ಒಂದೇ ಏಟಿಗೆ ಕೊಂಬೆ ದಾಟಿದ ಕಲ್ಲು

"ಅಷ್ಟೆತ್ತರಕ್ಕೆ ಎಸೆಯೋದು ಈ ಕಡ್ಡಿ ಕೈಲಿ ಆಗಲ್ಲ, ಬಿಡಣ್ಣ" ಎಂದು ನನ್ನ ಕೈ ತೋರಿಸಿ ಅಪ್ಪನಿಗೆ ಹೇಳಿದವಳು ನನ್ನ ಸೋದರತ್ತೆ. ಎಷ್ಟೋ ವರ್ಷ ತಡವಾಗಿ, ಹೊರಗಿನಿಂದ ಪರೀಕ್ಷೆ ಕಟ್ಟಿ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಇವತ್ತಿಗೂ ಹೊಸ ಹಗ್ಗದ ವಾಸನೆ ಬಂದರೆ ನಮ್ಮೂರು ಶಿವನಿಯ ಆ ಮಧ್ಯಾಹ್ನ ಎದುರು ನಿಲ್ಲುತ್ತದೆ.

ಅಪ್ಪ ಹುಣಸೆಮರಗಳನ್ನು ಗುತ್ತಿಗೆ ಹಿಡಿದು ಹಣ್ಣು ಇಳಿಸುತ್ತಿದ್ದ. ಬುಡ ತೆಕ್ಕೆಗೆ ಸಿಗದ ಮರವಾದರೆ ದಾರಕ್ಕೆ ಕಲ್ಲು ಕಟ್ಟಿ ಮೇಲಿನ ಕೊಂಬೆ ದಾಟಿಸಿ, ಆ ದಾರದಲ್ಲಿ ಹಗ್ಗ ಎಳೆದುಕೊಂಡು ಹತ್ತಬೇಕು. ಆ ವರ್ಷ ಅವನ ಕಣ್ಣಿಗೆ ಪೊರೆ ಬಂದು ಕಲ್ಲು ಗುರಿ ತಪ್ಪುತ್ತಿತ್ತು. ಶಾಲೆಯ ಊಟದ ಬಿಡುವಿನಲ್ಲಿ ಬುತ್ತಿ ತಂದಿದ್ದ ನಾನು ಅತ್ತೆಯ ಮಾತಿಗೆ ರೇಗಿ ಎಸೆದೆ. ದಾರ ಬೆರಳು ಸುಡುತ್ತ ಓಡಿತು. ಕಲ್ಲು ಆಚೆ ಇಳಿಯಿತು.

"ಒಂದೇ ಏಟಿಗೆ ಕಣೇ, ನನ್ನವ್ವ!" ಎಂದು ಅಪ್ಪ ಕುಣಿದ. ಹೊಗಳಿಕೆಯ ಆಸೆಗೆ ಇನ್ನೂ ಮೂರು ಮರಕ್ಕೆ ಎಸೆದೆ.

ಸಂಜೆಯೊಳಗೆ ಅವನು ಅಂಗಿ ತೊಟ್ಟು ನನ್ನನ್ನು ಶಾಲೆಗೆ ಕರೆದೊಯ್ದ. ಅತ್ತೆಯೂ ಬಂದಳು.

"ಏಳನೇ ಕ್ಲಾಸಾದ್ರೂ ಮುಗೀಲಿ ಕಣಪ್ಪಾ" ಎಂದರು ಹೆಡ್‌ಮಾಸ್ಟರು.

"ಅಲ್ಲೀಗಂಟ ಹಣ್ಣು ಕಾಯ್ತಾ ಕೂರಲ್ಲ ಸಾ" ಎಂದ ಅಪ್ಪ.

ಅವರು ಟಿ.ಸಿ. ಬರೆದು ಅಪ್ಪನ ಕೈಗೆ ಕೊಟ್ಟರು. ಅತ್ತೆ ನನ್ನ ಬೆರಳು ಸವರಿ ಹೇಳಿದಳು: "ಇಂಥಾ ಕೈ ಇಟ್ಕೊಂಡು ಇಷ್ಟು ದಿನ ಪುಸ್ತಕ ಹಿಡ್ಕೊಂಡು ಕೂತಿದ್ಯಲ್ಲೇ!"